ಅಲೆನಾರಿನ ಕೋಆ, ಮಲೆನಾಡಿನ ತೇವ: ಎಲೆಕ್ಟ್ರಿಕ್ ಗಿಟಾರ್ ಕಟ್ಟುವ ಬಗೆ

ಅಲೆ ಬಿದ್ದ ಕೋಆ ಮರದ ಹಲಗೆಯನ್ನು ಕಿಟಕಿಯ ಬೆಳಕಿಗೆ ಹಿಡಿದು ಸ್ವಲ್ಪ ಓರೆ ಮಾಡಿದರೆ ಅದರ ಪಟ್ಟೆಗಳು ಜಾಗ ಬದಲಿಸುತ್ತವೆ. ಕಪ್ಪಗಿದ್ದದ್ದು ಹೊಳೆಯುತ್ತದೆ, ಹೊಳೆಯುತ್ತಿದ್ದದ್ದು ಕಪ್ಪಾಗುತ್ತದೆ. ಇದು ಬಣ್ಣದ ಆಟವಲ್ಲ. ಈ ಮರದ ನಾರು ನೆಟ್ಟಗೆ ಮೇಲಕ್ಕೆ ಹೋಗದೆ ಹಾವು ಹರಿದ ಹಾಗೆ ಬಳುಕುತ್ತಾ ಬೆಳೆದಿರುತ್ತದೆ. ಹಲಗೆಯಾಗಿ ಕೊಯ್ದಾಗ ಒಂದು ಕಡೆ ನಾರಿನ ಮೈ ಕಾಣುತ್ತದೆ, ಬೆರಳಗಲ ಆಚೆಗೆ ಅದೇ ನಾರಿನ ಕೊಯ್ದ ಬಾಯಿ ಕಾಣುತ್ತದೆ. ಮೈ ಬೆಳಕನ್ನು ಹೊರಗೆ ಚಿಮ್ಮಿಸುತ್ತದೆ, ಬಾಯಿ ನುಂಗುತ್ತದೆ.

ಕೆಲಸದ ತೊಂದರೆಗಳೆಲ್ಲ ಹುಟ್ಟುವುದೂ ಅಲ್ಲಿಂದಲೇ. ನಾರು ಏರಿ ಇಳಿಯುವುದರಿಂದ ಹತ್ತರಿ ಯಾವ ದಿಕ್ಕಿನಿಂದ ಹೊಡೆದರೂ ಎಲ್ಲೋ ಒಂದು ಕಡೆ ನಾರಿಗೆ ಎದುರಾಗುತ್ತದೆ, ಚಕ್ಕೆ ಕೀಳುತ್ತದೆ. ಬಾಯಿ ತೆರೆದ ನಾರು ಎಣ್ಣೆ, ಅಂಟು, ತೇವ ಮೂರನ್ನೂ ಮೈಗಿಂತ ಹೆಚ್ಚು ಕುಡಿಯುತ್ತದೆ. ತೇವ ಎಂದಮೇಲೆ ಮಲೆನಾಡನ್ನು ಬಿಟ್ಟು ಮಾತಾಡುವಂತಿಲ್ಲ. ಆಗುಂಬೆಯಲ್ಲಿ ವರ್ಷಕ್ಕೆ 7,000 ಮಿ.ಮೀ. ಮೀರಿ ಮಳೆ ಬೀಳುತ್ತದೆ. ತೀರ್ಥಹಳ್ಳಿ, ಹೊಸನಗರ, ಸಾಗರದ ಮನೆಗಳಲ್ಲಿ ಆಷಾಢದಲ್ಲಿ ಪೆಟ್ಟಿಗೆಯೊಳಗಿನ ಬಟ್ಟೆಗೂ ಬೂಸ್ಟು ಬರುತ್ತದೆ. ಅಂಥ ಹವೆಯಲ್ಲಿ ಕೋಆ ಹೊದಿಸಿದ ಗಿಟಾರ್ ಕಟ್ಟುವುದೆಂದರೆ ಅರ್ಧ ಮರಗೆಲಸ, ಅರ್ಧ ತೇವದ ಲೆಕ್ಕ.

ಕೋಆ ಎಂಬ ನೆಂಟ

ಕೋಆ ಹವಾಯಿ ದ್ವೀಪಗಳ ಮರ, ಬೇರೆಲ್ಲೂ ತಾನಾಗಿ ಬೆಳೆಯುವುದಿಲ್ಲ. ಅಲ್ಲಿನವರು ಇದರ ದಿಮ್ಮಿ ತೋಡಿ ದೋಣಿ ಮಾಡುತ್ತಿದ್ದರು. 1879ರಲ್ಲಿ ಪೋರ್ಚುಗಲ್‌ನ ಮದೇರಾ ದ್ವೀಪದಿಂದ ಬಂದ ಕೂಲಿಯಾಳುಗಳ ಪುಟ್ಟ ತಂತಿವಾದ್ಯ ಹವಾಯಿಯಲ್ಲಿ ಯುಕುಲೆಲೆ ಆಯಿತು, ಅದಕ್ಕೆ ಒಗ್ಗಿದ ಮರ ಕೋಆ. ಸಸ್ಯಶಾಸ್ತ್ರದಲ್ಲಿ ಇದರ ಹೆಸರು ಅಕೇಶಿಯಾ ಕೋಆ. ಅಂದರೆ ಶಿವಮೊಗ್ಗದಿಂದ ತೀರ್ಥಹಳ್ಳಿಗೆ ಹೋಗುವಾಗ ದಾರಿಬದಿಯ ನೆಡುತೋಪಿನಲ್ಲಿ ಕಾಣುವ ಅಕೇಶಿಯಾದ ಕುಲವೇ. ಎರಡರಲ್ಲೂ ಕುಡುಗೋಲಿನಂತೆ ಬಾಗಿದ ಎಲೆಗಳಿವೆ. ಅವು ನಿಜವಾದ ಎಲೆಯಲ್ಲ, ಚಪ್ಪಟೆಯಾದ ಎಲೆತೊಟ್ಟು.

ನೆಂಟಸ್ತಿಕೆಯಿಂದ ಒಂದು ಉಪಯೋಗವಿದೆ. ಕೋಆ ಹಲಗೆ ದುಬಾರಿ, ಕೆಟ್ಟರೆ ಇನ್ನೊಂದು ತರಿಸಲು ತಿಂಗಳುಗಟ್ಟಲೆ ಬೇಕು. ಆದ್ದರಿಂದ ಕೊಯ್ಯುವುದು, ಜೋಡಿಸುವುದು, ರೂಟರ್ (ಮರ ತೋಡುವ ಕೈಯಂತ್ರ) ಓಡಿಸುವುದು, ಪಾಲಿಶ್ ಎಲ್ಲವನ್ನೂ ಮೊದಲು ಊರಿನ ಅಕೇಶಿಯಾ ಹಲಗೆಯ ಮೇಲೆ ಒಮ್ಮೆ ಪೂರ್ತಿ ಮಾಡಿ ನೋಡಿ. ಅದರ ನಾರೂ ಆಚೀಚೆ ಹೆಣೆದುಕೊಂಡಿರುತ್ತದೆ, ಅದೂ ಹತ್ತರಿಗೆ ಸುಲಭವಾಗಿ ಬಗ್ಗುವುದಿಲ್ಲ. ಅಕೇಶಿಯಾದಲ್ಲಿ ಚಕ್ಕೆ ಕೀಳದೆ ಮೈ ನುಣುಪು ಮಾಡುವ ಕೈ ಕೋಆಗೂ ಸಾಕು.

ಒಂದು ಮಾತು ಮೊದಲೇ ಹೇಳಿಬಿಡಬೇಕು. ಗಟ್ಟಿ ಮೈಯ ಎಲೆಕ್ಟ್ರಿಕ್ ಗಿಟಾರ್‌ನಲ್ಲಿ 6 ಮಿ.ಮೀ. ಕೋಆ ಹೊದಿಕೆ ನಾದವನ್ನು ಬದಲಿಸುವುದು ತೀರಾ ಕಡಿಮೆ. ಪಿಕಪ್ (ತಂತಿಯ ಕಂಪನವನ್ನು ವಿದ್ಯುತ್ ಸಂಕೇತವಾಗಿಸುವ ಭಾಗ) ಯಾವುದು, ಅದು ತಂತಿಯ ಯಾವ ಬಿಂದುವಿನ ಕೆಳಗಿದೆ, ತಂತಿಗೆ ಎಷ್ಟು ಹತ್ತಿರವಿದೆ ಎಂಬುದೇ ದೊಡ್ಡದು. ಅಕೌಸ್ಟಿಕ್ ಗಿಟಾರ್ ಅಥವಾ ಯುಕುಲೆಲೆಯ ಮಾತು ಬೇರೆ, ಅಲ್ಲಿ ಹಲಗೆಯೇ ಕಂಪಿಸಿ ನಾದ ಕೊಡುತ್ತದೆ. ಇಲ್ಲಿ ಕೋಆ ಕಣ್ಣಿಗಾಗಿ. ಅದರಲ್ಲಿ ನಾಚಿಕೆಪಡುವಂಥದ್ದೇನೂ ಇಲ್ಲ. ಆದರೆ ನಾದಕ್ಕೆಂದು ಹಣ ಇಡುವವರು ಮೊದಲು ಪಿಕಪ್‌ಗೆ ಇಡಲಿ.

ಮರ ಆರಿಸುವುದು

ಬೇಕಾದದ್ದು ಇಷ್ಟು. ಹೊದಿಕೆಗೆ 480 ಮಿ.ಮೀ. ಉದ್ದ, 175 ಮಿ.ಮೀ. ಅಗಲ, 8 ಮಿ.ಮೀ. ದಪ್ಪದ ಎರಡು ಕೋಆ ಹಲಗೆ, ಒಂದೇ ತುಂಡನ್ನು ಸೀಳಿದ ಜೋಡಿ. ಮೈಗೆ 480 x 350 x 40 ಮಿ.ಮೀ. ಮಹಾಗನಿ, ಒಂದೇ ತುಂಡು ಸಿಗದಿದ್ದರೆ ಎರಡು ಜೋಡಿಸಬಹುದು. ಗಿಟಾರ್‌ನ ಕತ್ತು, ಅಂದರೆ ಎಡಗೈ ಹಿಡಿಯುವ ಉದ್ದ ಭಾಗಕ್ಕೆ, 700 x 75 x 25 ಮಿ.ಮೀ. ಮಹಾಗನಿ ಅಥವಾ ಮೇಪಲ್, ನಾರು ನೇರವಾಗಿರಲೇಬೇಕು. ಕತ್ತಿನ ಮೇಲೆ ಬೆರಳೊತ್ತುವ ಪಟ್ಟಿಯಾದ ಫ್ರೆಟ್‌ಬೋರ್ಡ್‌ಗೆ 500 x 65 x 7 ಮಿ.ಮೀ. ಬೀಟೆ.

ಮಹಾಗನಿಯನ್ನು ಈಗ ಮಲೆನಾಡಿನ ತೋಟಗಳಲ್ಲೇ ಬೆಳೆಯುತ್ತಾರೆ, ಒಣಗಿದ ಹಲಗೆ ಹುಡುಕಿದರೆ ಸಿಗುತ್ತದೆ. ಹಗುರ ಬೇಕೆನ್ನುವವರಿಗೆ ಶಿವನೆ ಒಳ್ಳೆಯದು: ಘನ ಮೀಟರಿಗೆ 480 ಕಿಲೋ ಆಸುಪಾಸು, ಒಣಗಿದ ಮೇಲೆ ಹೆಚ್ಚು ಹೊರಳುವುದಿಲ್ಲ. ಮಹಾಗನಿ 590ರ ಹತ್ತಿರ, ಕೋಆ 610ರ ಹತ್ತಿರ. ಶಿವನೆ ಮೆತು, ಸ್ಕ್ರೂ ಹಿಡಿತ ಕಡಿಮೆ. ಸ್ಟ್ರಾಪ್ ಗುಂಡಿಯ ತೂತಿಗೆ ತೆಳು ಸೂಪರ್ ಗ್ಲೂ ಇಳಿಸಿ ಗಟ್ಟಿ ಮಾಡಿಕೊಳ್ಳಬೇಕಾಗುತ್ತದೆ. ಹಲಸಿನ ಮರ ವೀಣೆಗೆ ಒಪ್ಪುತ್ತದೆ, ಆದರೆ ಶಿವನೆಗಿಂತ ಭಾರ.

ಬೀಟೆಯ ವಿಷಯದಲ್ಲಿ ಕಾಗದ ಪತ್ರ ನೆಟ್ಟಗಿರಲಿ. ನಿಮ್ಮ ಜಮೀನಿನ ಮರವಾದರೂ ಕಡಿಯಲು, ಸಾಗಿಸಲು ಅರಣ್ಯ ಇಲಾಖೆಯ ಅನುಮತಿ ಬೇಕು. ಅಂತರರಾಷ್ಟ್ರೀಯ ಮಟ್ಟದಲ್ಲಿ 2017ರಿಂದ ಬೀಟೆಯ ಇಡೀ ಕುಲ ಸೈಟಿಸ್ (ಅಳಿವಿನ ಭಯವಿರುವ ಜೀವಿಗಳ ವ್ಯಾಪಾರ ನಿಯಂತ್ರಿಸುವ) ಒಪ್ಪಂದದ ಪಟ್ಟಿಯಲ್ಲಿದೆ. 2019ರ ತಿದ್ದುಪಡಿಯಲ್ಲಿ ಪೂರ್ತಿಯಾಗಿ ತಯಾರಾದ ವಾದ್ಯಗಳಿಗೆ ವಿನಾಯಿತಿ ಸಿಕ್ಕಿತು, ಕಚ್ಚಾ ಹಲಗೆಗೆ ಸಿಗಲಿಲ್ಲ. ಬಿಲ್ಲು ಇಟ್ಟುಕೊಂಡು ಅಂಗಡಿಯಿಂದ ತಯಾರಾದ ಫ್ರೆಟ್‌ಬೋರ್ಡ್ ಪಟ್ಟಿ ಕೊಳ್ಳುವುದೇ ನಿಶ್ಚಿಂತೆ. ಕೋಆ ಸೈಟಿಸ್ ಪಟ್ಟಿಯಲ್ಲಿಲ್ಲ, ಆದರೆ ಹೊರದೇಶದ ಮರವಾದ್ದರಿಂದ 2003ರ ಸಸ್ಯ ಸಂಗರೋಧ ಆದೇಶಕ್ಕೆ ಒಳಪಡುತ್ತದೆ. ಮಾರುವವರು ಸಸ್ಯ ಆರೋಗ್ಯ ಪ್ರಮಾಣಪತ್ರ ಕೊಡುತ್ತಾರೆಯೇ ಎಂದು ಹಣ ಕಳಿಸುವ ಮೊದಲೇ ಕೇಳಿ.

ಆನ್‌ಲೈನ್‌ನಲ್ಲಿ ಕೋಆ ಕೊಳ್ಳುವಾಗ ಫೋಟೋ ನಂಬಬೇಡಿ. ಹಲಗೆಗೆ ನೀರೋ ಸ್ಪಿರಿಟ್ಟೋ ಹಚ್ಚಿ ತೆಗೆದ ಫೋಟೋದಲ್ಲಿ ಅಲೆ ಎರಡು ಪಟ್ಟು ಕಾಣುತ್ತದೆ. ಒಣ ಹಲಗೆಯ ಫೋಟೋ, ಎರಡೂ ಮುಖದ ಫೋಟೋ ಕೇಳಿ. ಮೂರು ಎ, ನಾಲ್ಕು ಎ ಎಂದು ದರ್ಜೆ ಬರೆದಿರುತ್ತಾರಲ್ಲ, ಅದಕ್ಕೆ ಎಲ್ಲರೂ ಒಪ್ಪಿದ ಅಳತೆಗೋಲಿಲ್ಲ, ಅದು ಮಾರುವವನ ಅಭಿಪ್ರಾಯ. ತುದಿಗಳಿಗೆ ಮೇಣ ಹಚ್ಚಿದ್ದಾರೆಯೇ, ಅಂಚಿನಲ್ಲಿ ಬಿಳಿ ಮರ ಎಷ್ಟಿದೆ, ಹುಳು ತೂತು ಇದೆಯೇ, ನಿಜವಾದ ದಪ್ಪ ಎಷ್ಟು: ಇವು ದರ್ಜೆಗಿಂತ ಮುಖ್ಯ. ಒಂದೊಂದು ಹಲಗೆಯೂ 8 ಮಿ.ಮೀ. ಬೇಕಾದ ಕಡೆ 5 ಮಿ.ಮೀ. ಬಂದರೆ ಮಟ್ಟ ಮಾಡಿದ ಮೇಲೆ ಏನೂ ಉಳಿಯುವುದಿಲ್ಲ.

ತೇವದ ಲೆಕ್ಕ

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಭಾಗ ಇದು. ಮರ ಒಣಗಿತು ಎಂದರೆ ಅದರಲ್ಲಿ ನೀರೇ ಇಲ್ಲವೆಂದಲ್ಲ. ಸುತ್ತಲಿನ ಗಾಳಿಗೆ ಸರಿಯಾಗಿ ಒಂದು ಮಟ್ಟಕ್ಕೆ ಬಂದು ನಿಂತಿದೆ ಎಂದಷ್ಟೇ ಅರ್ಥ. ಗಾಳಿಯ ಆರ್ದ್ರತೆ 50% ಇದ್ದರೆ ಮರದ ತೇವ ಸುಮಾರು 9%ಕ್ಕೆ ನಿಲ್ಲುತ್ತದೆ. 65% ಇದ್ದರೆ 12%, 80% ಇದ್ದರೆ 16%, 90% ದಾಟಿದರೆ 20%. ತೇವ ಏರಿದರೆ ಮರ ಅಗಲದಲ್ಲಿ ಉಬ್ಬುತ್ತದೆ, ಇಳಿದರೆ ಕುಗ್ಗುತ್ತದೆ. ಉದ್ದದಲ್ಲಿ ಬದಲಾವಣೆ ಇಲ್ಲವೆನ್ನುವಷ್ಟು ಕಡಿಮೆ.

ಹಸಿ ಮರ ಪೂರ್ತಿ ಒಣಗುವಾಗ, ಬೆಳವಣಿಗೆ ಉಂಗುರದ ಗುಂಟ ಅಳೆದರೆ, ಕೋಆ ಸುಮಾರು 6.2% ಕುಗ್ಗುತ್ತದೆ, ಮಹಾಗನಿ 4.3%. ಈ ಕುಗ್ಗುವಿಕೆ ನಡೆಯುವುದು ತೇವ 30%ದಿಂದ ಸೊನ್ನೆಗೆ ಇಳಿಯುವಷ್ಟರಲ್ಲಿ. ಹಾಗಾಗಿ ತೇವದ ಒಂದೊಂದು ಶೇಕಡಾಕ್ಕೆ ಕೋಆ 0.207%, ಮಹಾಗನಿ 0.143% ಅಲುಗುತ್ತದೆ. ನಮ್ಮ ಹೊದಿಕೆಯ ಅಗಲ 340 ಮಿ.ಮೀ. ಎಂದಿಟ್ಟುಕೊಳ್ಳಿ. ಜುಲೈಯಿಂದ ಮಾರ್ಚ್‌ಗೆ ಮರದ ತೇವ 6 ಶೇಕಡಾ ಬದಲಾದರೆ ಬಿಡಿ ಕೋಆ 4.2 ಮಿ.ಮೀ., ಬಿಡಿ ಮಹಾಗನಿ 2.9 ಮಿ.ಮೀ. ಕುಗ್ಗುತ್ತದೆ. ಎರಡನ್ನೂ ಅಂಟಿಸಿದ ಮೇಲೆ ನಡುವಿನ 1.3 ಮಿ.ಮೀ. ವ್ಯತ್ಯಾಸವನ್ನು ಅಂಟಿನ ಪದರ ಹೊರಬೇಕು. ಹೊರಲಾಗದಿದ್ದರೆ ಹೊದಿಕೆಯ ನಡುಜೋಡಣೆ ಬಾಯಿ ಬಿಡುತ್ತದೆ, ಇಲ್ಲವೇ ಮೈ ತಟ್ಟೆಯಂತೆ ಬಾಗುತ್ತದೆ.

ಇದಕ್ಕೆ ಉಪಾಯ ಒಂದೇ: ವರ್ಷದ ಎರಡು ತುದಿಗಳ ನಡುವಿನ ತೇವದಲ್ಲಿ ಅಂಟಿಸುವುದು. ಗಿಟಾರ್ ಪುಸ್ತಕಗಳು ಮರದ ತೇವ 6ರಿಂದ 8% ಇರಲಿ ಎನ್ನುತ್ತವೆ. ಅದು ಚಳಿಗಾಲವೆಲ್ಲ ಹೀಟರ್ ಉರಿಯುವ ದೇಶಗಳ ಲೆಕ್ಕ. ಮಲೆನಾಡಿನಲ್ಲಿ ಉಳಿಯುವ ಗಿಟಾರ್‌ಗೆ 10ರಿಂದ 11% ಸರಿ, ಅಂದರೆ ಕೋಣೆಯ ಆರ್ದ್ರತೆ 55ರಿಂದ 60%. ಜನವರಿ ಕೊನೆಯಿಂದ ಏಪ್ರಿಲ್‌ವರೆಗೆ ಇದು ತಾನಾಗಿ ಸಿಗುತ್ತದೆ. ಮುಂಗಾರಿನಲ್ಲಿ ಅಂಟಿಸಿದ ಗಿಟಾರ್ ಬೇಸಿಗೆಯಲ್ಲಿ ಬಿರುಕು ಬಿಡುವುದು ವಿಧಿಯಲ್ಲ, ಲೆಕ್ಕ ತಪ್ಪಿದ್ದು.

ಮಳೆಗಾಲದಲ್ಲೇ ಮಾಡಬೇಕಾದರೆ ಒಂದು ಹಳೆಯ ಬೀರುವಿನ ತಳದಲ್ಲಿ 40 ವ್ಯಾಟ್‌ನ ಹಳೇ ಮಾದರಿಯ ಬಲ್ಬು ಹಾಕಿ, ಮೇಲೆ ಕೆಳಗೆ ಗಾಳಿಗಂಡಿ ಕೊರೆದು, ಹಲಗೆಗಳ ನಡುವೆ 12 ಮಿ.ಮೀ. ದಪ್ಪದ ಕಡ್ಡಿ ಇಟ್ಟು ಪೇರಿಸಿ. ಒಳಗೆ ಅಗ್ಗದ ಡಿಜಿಟಲ್ ಆರ್ದ್ರತಾ ಮಾಪಕ ಇರಲಿ. ಅಡಿಕೆ ಡ್ರೈಯರ್‌ನಲ್ಲಿ ಇಡಬೇಡಿ. ಅಷ್ಟು ಬಿಸಿಗೆ ಮೇಲ್ಮೈ ಮೊದಲು ಒಣಗಿ ಬಿಗಿದು, ಒಳಗಿನ ತೇವ ಹಾಗೇ ಉಳಿದು, ತುದಿಯಿಂದ ಸೀಳುತ್ತದೆ. ಒಲೆಯ ಮೇಲಿನ ಅಟ್ಟ ಮನೆಕಟ್ಟಿನ ಮರಕ್ಕೆ ಒಳ್ಳೆಯದು, 8 ಮಿ.ಮೀ. ಹಲಗೆಗೆ ಅದೂ ಜೋರು.

ಮರ ಹದಕ್ಕೆ ಬಂತೆಂದು ತಿಳಿಯಲು ತೇವಮಾಪಕವೇ ಬೇಕೆಂದಿಲ್ಲ. ಅಡುಗೆಮನೆಯ ತಕ್ಕಡಿ ಸಾಕು. ವಾರಕ್ಕೊಮ್ಮೆ ಹಲಗೆ ತೂಗಿ, ಅದರ ಮೇಲೆಯೇ ಪೆನ್ಸಿಲಿನಲ್ಲಿ ತಾರೀಕು ಮತ್ತು ಗ್ರಾಂ ಬರೆಯಿರಿ. ಎರಡು ವಾರ ತೂಕ ಒಂದೇ ಇದ್ದರೆ ಹಲಗೆ ಕೋಣೆಗೆ ಹೊಂದಿಕೊಂಡಿದೆ. ಸಾಮಾನ್ಯವಾಗಿ ನಾಲ್ಕರಿಂದ ಆರು ವಾರ ಹಿಡಿಯುತ್ತದೆ. ಮಹಾಗನಿ ಹಲಗೆ ದಪ್ಪ, ಅದಕ್ಕೆ ಇನ್ನೂ ಹೆಚ್ಚು. ಕೋಆ, ಮಹಾಗನಿ, ಬೀಟೆ ಮೂರೂ ಒಂದೇ ಕೋಣೆಯಲ್ಲಿ ಒಟ್ಟಿಗೆ ಕಾಯಬೇಕು.

ಸೀಳುವುದು, ಜೋಡಿಸುವುದು

ಸೀಳಿದ ಜೋಡಿ ಸಿಗದೆ 25 ಮಿ.ಮೀ. ಹಲಗೆ ಬಂದಿದ್ದರೆ ನೀವೇ ಸೀಳಿಸಬೇಕು. ಸಾಮಿಲ್‌ನ ದೊಡ್ಡ ಬ್ಯಾಂಡ್‌ಸಾ ದಿಮ್ಮಿ ಕೊಯ್ಯಲು ಇರುವಂಥದ್ದು, ಅದರ ಬ್ಲೇಡು 2ರಿಂದ 3 ಮಿ.ಮೀ. ಮರ ತಿನ್ನುತ್ತದೆ, ದಾರಿ ತಪ್ಪಿದರೆ ಇನ್ನೂ ಹೆಚ್ಚು. ಪೀಠೋಪಕರಣ ಮಾಡುವವರ ಸಣ್ಣ ಬ್ಯಾಂಡ್‌ಸಾದಲ್ಲಿ ಇಂಚಿಗೆ 3–4 ಹಲ್ಲಿನ ಹೊಸ ಬ್ಲೇಡು ಹಾಕಿ, ಎತ್ತರದ ಬೇಲಿಗೆ ಹಲಗೆ ಒರಗಿಸಿ, ನಿಧಾನ ತಳ್ಳಿ. ಹೊಸದಾಗಿ ಸೀಳಿದ ಹಲಗೆ ಅದೇ ರಾತ್ರಿ ಬಾಗುತ್ತದೆ, ಒಳಮುಖದ ತೇವ ಹೊರಮುಖಕ್ಕಿಂತ ಹೆಚ್ಚಿರುತ್ತದಲ್ಲ. ಕಡ್ಡಿ ಇಟ್ಟು, ಮೇಲೆ ಭಾರ ಹೇರಿ, ಹತ್ತು ಹದಿನೈದು ದಿನ ಬಿಡಿ.

ಪುಸ್ತಕ ತೆರೆದ ಹಾಗೆ ಎರಡು ಹಲಗೆ ತೆರೆದಾಗ ಎಡಬಲದ ಅಲೆಗಳು ಕನ್ನಡಿಯಲ್ಲಿ ಕಂಡಂತೆ ಕೂಡುತ್ತವೆ. ಆದರೂ ಒಂದು ಬದಿ ಹೊಳೆಯುವಾಗ ಇನ್ನೊಂದು ಬದಿ ಮಂಕಾಗಿ ಕಾಣಬಹುದು. ಒಂದು ಹಲಗೆಯನ್ನು ಮಗುಚಿರುವುದರಿಂದ ಅದರ ನಾರು ಎದುರು ದಿಕ್ಕಿಗೆ ಓರೆಯಾಗಿರುತ್ತದೆ, ಬೆಳಕು ಎದುರು ದಿಕ್ಕಿಗೆ ಹೋಗುತ್ತದೆ. ಇದು ಜೋಡಣೆಯ ತಪ್ಪಲ್ಲ. ಪಾಲಿಶ್‌ನಲ್ಲಿ ಸರಿ ಮಾಡಲು ಹೊರಟು ಬಣ್ಣ ಬಳಿಯಬೇಡಿ, ಗಿಟಾರ್ ತಿರುಗಿಸಿದ ಕೂಡಲೇ ಮಂಕು ಆಚೆ ಬದಿಗೆ ಹೋಗುತ್ತದೆ.

ಜೋಡಿಸುವ ಅಂಚುಗಳನ್ನು ಬೇರೆಬೇರೆಯಾಗಿ ಹತ್ತರಿ ಹೊಡೆಯಬಾರದು. ಪುಸ್ತಕ ಮುಚ್ಚಿದ ಹಾಗೆ ಎರಡನ್ನೂ ಒಟ್ಟಿಗೆ ಹಿಡಿದು ಒಂದೇ ಸಲ ಹೊಡೆಯಿರಿ. ಹತ್ತರಿ ಒಂದು ಡಿಗ್ರಿ ಓರೆಯಿದ್ದರೂ ತೆರೆದಾಗ ಒಂದರ ಓರೆ ಇನ್ನೊಂದರ ಓರೆಯನ್ನು ತುಂಬುತ್ತದೆ. ಕೊನೆಯ ಎರಡು ಹೊಡೆತ ತುದಿಗಳನ್ನು ಬಿಟ್ಟು ನಡುವೆ ಮಾತ್ರ ಹಾಕಿ, ನಡುವೆ ಕಾಗದದಷ್ಟು, 0.1 ಮಿ.ಮೀ., ಸಂದು ಉಳಿಯಲಿ. ಕ್ಲಾಂಪ್ ಬಿಗಿದಾಗ ತುದಿಗಳ ಮೇಲೆ ಹೆಚ್ಚು ಒತ್ತಡ ಕೂರುತ್ತದೆ. ಬೇಸಿಗೆಯಲ್ಲಿ ಬಾಯಿ ಬಿಡುವುದು ಯಾವಾಗಲೂ ತುದಿಯೇ, ಹಾಗಾಗಿ ಅಲ್ಲಿಗೆ ಈ ಕಾವಲು.

ಮೈ ಮಟ್ಟ ಮಾಡುವ ವಿಷಯಕ್ಕೆ ಬಂದರೆ, ಅಲೆನಾರಿನ ಮೇಲೆ ಮಾಮೂಲಿ 45 ಡಿಗ್ರಿಯ ಹತ್ತರಿ ಚಕ್ಕೆ ಕೀಳುತ್ತದೆ. ಅಲಗನ್ನು 55ರಿಂದ 60 ಡಿಗ್ರಿಗೆ ನಿಲ್ಲಿಸಿದರೆ ಅದು ನಾರನ್ನು ಎಬ್ಬಿಸುವ ಬದಲು ಕೆರೆಯುತ್ತದೆ. ಅಲಗಿನ ಮೇಲಿನ ತಗಡನ್ನು ಬಾಯಿಗೆ ಅರ್ಧ ಮಿಲಿಮೀಟರಿಗಿಂತ ಹತ್ತಿರ ತಂದರೂ ಅದೇ ಗುಣ. ಯಂತ್ರದ ಪ್ಲೇನರ್‌ಗೆ ಹಾಕುವುದಾದರೆ ಒಂದು ಸಲಕ್ಕೆ 0.3 ಮಿ.ಮೀ. ಮೀರಬೇಡಿ, ಹೊರಟ ತುದಿಯಲ್ಲಿ ಬೆರಳುಗಾತ್ರದ ಗುಂಡಿ ಎದ್ದದ್ದನ್ನು ನೋಡಿದವರು ಎರಡನೇ ಸಲ ಹಾಕುವುದಿಲ್ಲ. ನಮ್ಮ ಸಲಹೆ: 7 ಮಿ.ಮೀ.ವರೆಗೆ ಡ್ರಮ್ ಸ್ಯಾಂಡರ್, ಅಲ್ಲಿಂದ 6ಕ್ಕೆ ಸ್ಕ್ರೇಪರ್ ತಗಡು. ಸ್ಕ್ರೇಪರ್‌ನ ಅಂಚು ಹರಿತವಿದ್ದರೆ ಸುರುಳಿ ಬರುತ್ತದೆ, ಮೊಂಡಾದರೆ ಪುಡಿ ಬರುತ್ತದೆ. ಪುಡಿ ಬಂದ ಕೂಡಲೇ ನಿಲ್ಲಿಸಿ ಮಸೆಯಿರಿ. ಸಾಗರ, ಸೊರಬದ ಗುಡಿಗಾರರು ಗಂಧದ ಮೇಲೆ ಕೆತ್ತುವಾಗ ಉಳಿ ಮಸೆಯಲು ಕೊಡುವ ಸಮಯ ನೋಡಿದರೆ ಹರಿತ ಎಂದರೆ ಏನೆಂದು ತಿಳಿಯುತ್ತದೆ.

ಕೋಆ, ಬೀಟೆ ಎರಡರ ಪುಡಿಯೂ ಹಲವರಿಗೆ ಮೈ ತುರಿಕೆ, ಉಬ್ಬಸ ತರುತ್ತದೆ. ಬಟ್ಟೆ ಕಟ್ಟಿಕೊಂಡರೆ ಸಾಲದು, ಎನ್95 ಮಾಸ್ಕ್ ಬೇಕು.

ಹೊದಿಕೆ ಅಂಟಿಸುವುದು

ಫೆವಿಕಾಲ್‌ನಂಥ ಬಿಳಿ ಅಂಟಿನಲ್ಲಿ ಹೆಚ್ಚುಕಡಿಮೆ ಅರ್ಧ ನೀರು. 6 ಮಿ.ಮೀ. ಹೊದಿಕೆಗೆ ಅದು ನಡೆಯುತ್ತದೆ, ನೀರು ತಡೆಯುವ ದರ್ಜೆಯದನ್ನೇ ತನ್ನಿ. ಹೊದಿಕೆ 3 ಮಿ.ಮೀ.ಗಿಂತ ತೆಳುವಾಗಿದ್ದರೆ ನಿಧಾನವಾಗಿ ಗಟ್ಟಿಯಾಗುವ ಎಪಾಕ್ಸಿ ಬಳಸಿ. ಬಿಳಿ ಅಂಟಿನ ನೀರನ್ನು ತೆರೆದ ನಾರಿನ ಬಾಯಿ ಕುಡಿದು, ಹಲಗೆ ಕ್ಲಾಂಪ್ ಬಿಗಿಯುವ ಮೊದಲೇ ಮುದುಡಿಕೊಳ್ಳುತ್ತದೆ.

ಮಹಾಗನಿಯ ಮುಖದ ಮೇಲೆ ಉದ್ದದ ಉಕ್ಕಿನ ಪಟ್ಟಿ ಇಟ್ಟು ಬೆಳಕಿಗೆ ಹಿಡಿದಾಗ ಎಲ್ಲೂ ಬೆಳಕು ನುಸುಳಬಾರದು. ಅಂಟು ಚದರ ಮೀಟರಿಗೆ 180 ಗ್ರಾಂ ಲೆಕ್ಕದಲ್ಲಿ ನಮ್ಮ 0.17 ಚ.ಮೀ.ಗೆ 30 ಗ್ರಾಂ ಸಾಕು. ಮಹಾಗನಿಯ ಕಡೆಗೆ ಮಾತ್ರ ಸಣ್ಣ ರೋಲರ್‌ನಿಂದ ಸಮವಾಗಿ ಹರಡಿ. ಒತ್ತಿದಾಗ ಹೊದಿಕೆ ಜಾರುತ್ತದೆ, ನಡುಗೆರೆ ತಪ್ಪುತ್ತದೆ. ಅದಕ್ಕೆ ಅಂಟು ಹಚ್ಚುವ ಮೊದಲೇ ಎರಡು ಕಡೆ 3 ಮಿ.ಮೀ. ತೂತು ಕೊರೆದು ಬಿದಿರಿನ ಕಡ್ಡಿ ಸಿಕ್ಕಿಸಿ: ಒಂದು ಕತ್ತಿನ ಗುಂಡಿ ಬರುವ ಜಾಗ, ಇನ್ನೊಂದು ಬ್ರಿಡ್ಜ್ (ಮೈಮೇಲೆ ತಂತಿಗಳನ್ನು ಹೊರುವ ಲೋಹದ ಭಾಗ) ಹತ್ತಿರದ ಪಿಕಪ್‌ನ ಗುಂಡಿ ಬರುವ ಜಾಗ. ಮುಂದೆ ಆ ತೂತುಗಳು ರೂಟರ್‌ಗೆ ಹೋಗಿಬಿಡುತ್ತವೆ.

ಮೇಲೆ ಪ್ಲಾಸ್ಟಿಕ್ ಹಾಳೆ, ಅದರ ಮೇಲೆ 18 ಮಿ.ಮೀ. ಪ್ಲೈವುಡ್, ಕೆಳಗೂ ಹಾಗೆಯೇ. ಕ್ಲಾಂಪುಗಳು ಕಡಿಮೆಯೆಂದರೆ ಹದಿನಾರು, ನಡುವಿನಿಂದ ಹೊರಕ್ಕೆ ಬಿಗಿಯುತ್ತ ಬನ್ನಿ. ಅಂಚಿನ ಸುತ್ತಲೂ ಸಣ್ಣ ಮಣಿಗಳಂತೆ ಅಂಟು ಹೊರಬಂದರೆ ಸರಿ. ಎಲ್ಲಿ ಮಣಿ ಇಲ್ಲವೋ ಅಲ್ಲಿ ಒತ್ತಡವಿಲ್ಲ. ಒಂದು ದಿನ ಬಿಟ್ಟು ಕ್ಲಾಂಪ್ ತೆಗೆಯಬಹುದು, ಆದರೆ ಇನ್ನೂ ನಾಲ್ಕು ದಿನ ಉಪ್ಪುಕಾಗದ ಮುಟ್ಟಿಸಬೇಡಿ. ಜೋಡಣೆಯ ಗುಂಟ ಮರ ಅಂಟಿನ ನೀರು ಕುಡಿದು ಉಬ್ಬಿರುತ್ತದೆ. ಆಗ ಉಜ್ಜಿ ಮಟ್ಟ ಮಾಡಿದರೆ ನೀರು ಆರಿದ ಮೇಲೆ ಅಲ್ಲೊಂದು ತಗ್ಗು ಗೆರೆ ಬೀಳುತ್ತದೆ, ಪಾಲಿಶ್ ಆದಮೇಲೆ ಅದು ಎದ್ದು ಕಾಣುತ್ತದೆ.

ಆಕಾರ ಕತ್ತರಿಸಿ ಗುಂಡಿ ತೋಡುವುದು

9 ಮಿ.ಮೀ. ಎಂಡಿಎಫ್‌ನಲ್ಲಿ (ಮರದ ನಾರು ಒತ್ತಿ ಮಾಡಿದ ಹಲಗೆ) ಆಕಾರದ ಅಚ್ಚು ಮಾಡಿ, ಜಿಗ್‌ಸಾದಿಂದ ಗೆರೆಗೆ 2 ಮಿ.ಮೀ. ಹೊರಗೆ ಕತ್ತರಿಸಿ, ಆಮೇಲೆ ಬೇರಿಂಗ್ ಇರುವ ರೂಟರ್ ಬಿಟ್. ಸುರುಳಿ ಬಿಟ್ ಆದರೆ ಒಳ್ಳೆಯದು. ಒಂದು ಸಲಕ್ಕೆ 3 ಮಿ.ಮೀ. ಆಳ ಮೀರಬಾರದು. ಕೊಂಬಿನ ತುದಿ ಮತ್ತು ಸೊಂಟದ ಬಾಗು, ಈ ಎರಡು ಕಡೆ ಬಿಟ್ ನಾರಿನ ಬಾಯಿಗೆ ಎದುರಾಗಿ ಹೋಗುತ್ತದೆ, ಕೋಆ ತುಂಡಾಗಿ ಹಾರುವುದು ಅಲ್ಲೇ. ಅಗಲವಾದ ಕಡೆಯಿಂದ ಕಿರಿದಾದ ಕಡೆಗೆ, ಅಂದರೆ ಇಳಿಜಾರಿಗೆ, ಓಡಿಸಿ. ಅಚ್ಚನ್ನು ಮಗುಚಿ ಹಿಂಬದಿಯಿಂದ ಓಡಿಸಿದರೆ ಉಳಿದರ್ಧಕ್ಕೂ ಇಳಿಜಾರೇ ಸಿಗುತ್ತದೆ. ಹಾರಿದ ಚಕ್ಕೆ ಸಿಕ್ಕರೆ ಬಿಸಾಡಬೇಡಿ, ಅದೇ ಜಾಗಕ್ಕೆ ಅಂಟಿಸಿದರೆ ಗುರುತು ಉಳಿಯುವುದಿಲ್ಲ.

ಒಟ್ಟು ದಪ್ಪ 45 ಮಿ.ಮೀ.: 39 ಮಹಾಗನಿ, 6 ಕೋಆ. ಕತ್ತನ್ನು ಅಂಟಿಸುವುದಕ್ಕಿಂತ ಸ್ಕ್ರೂ ಹಾಕಿ ಕೂರಿಸುವುದೇ ಈ ಹವೆಗೆ ಸರಿ. ಎರಡು ಮಳೆಗಾಲ ಕಳೆದ ಮೇಲೆ ಕತ್ತು ಓರೆಯಾದರೆ ಬಿಚ್ಚಿ ಸರಿ ಮಾಡಬಹುದು. ಕತ್ತಿನ ಗುಂಡಿಯ ಆಳ 16 ಮಿ.ಮೀ., ಅಗಲ 56, ಉದ್ದ 76. ಕತ್ತಿನ ಬುಡದ ದಪ್ಪ ಫ್ರೆಟ್‌ಬೋರ್ಡ್ ಸೇರಿ 25 ಮಿ.ಮೀ., ಹಾಗಾಗಿ ಫ್ರೆಟ್‌ಬೋರ್ಡ್‌ನ ಮುಖ ಮೈಯಿಂದ 9 ಮಿ.ಮೀ. ಮೇಲೆ ನಿಲ್ಲುತ್ತದೆ. ಫ್ರೆಟ್‌ನ (ಫ್ರೆಟ್‌ಬೋರ್ಡ್‌ಗೆ ಅಡ್ಡಲಾಗಿ ಕೂರಿಸಿದ ಲೋಹದ ತುಂಡು) ಎತ್ತರ, ತಂತಿಯ ಎತ್ತರ ಸೇರಿಸಿದರೆ ಬ್ರಿಡ್ಜ್ ಬಳಿ ತಂತಿ ಸುಮಾರು 12–14 ಮಿ.ಮೀ. ಮೇಲಿರಬೇಕು. ಚಪ್ಪಟೆ ಹಾರ್ಡ್‌ಟೇಲ್ (ಮೈಗೆ ಅಲುಗದಂತೆ ಬಿಗಿದ) ಬ್ರಿಡ್ಜ್‌ಗೆ ಇದು ಹೊಂದುತ್ತದೆ. ಎರಡು ಕಂಬದ ಮೇಲೆ ನಿಲ್ಲುವ ಎತ್ತರದ ಬ್ರಿಡ್ಜ್ ಬೇಕೆಂದರೆ ಕತ್ತನ್ನೇ 3ರಿಂದ 4 ಡಿಗ್ರಿ ಹಿಂದಕ್ಕೆ ಬಾಗಿಸಬೇಕಾಗುತ್ತದೆ. ಬ್ರಿಡ್ಜ್ ಕೈಗೆ ಬಂದು, ಅಳೆದು ನೋಡುವವರೆಗೆ ಕತ್ತಿನ ಗುಂಡಿ ತೋಡಬೇಡಿ.

ವಾಲ್ಯೂಮ್, ಟೋನ್ ಇರುವ ಗುಂಡಿಯನ್ನು ಹಿಂಬದಿಯಿಂದ ತೋಡಿದರೆ ಕೋಆ ಮುಖ ಉಳಿಯುತ್ತದೆ. ಅಲ್ಲಿ 9 ಮಿ.ಮೀ. ಬಿಡಿ: 6 ಕೋಆ, 3 ಮಹಾಗನಿ. ಕೋಆ ಒಂದೇ ಉಳಿಯುವಷ್ಟು ತೋಡಿದರೆ ನಾಬ್ ಒತ್ತಿದ ದಿನ ಅಲೆಯ ಗುಂಟ ಬಿರುಕು ಬರುತ್ತದೆ. ಮಾಮೂಲಿ ಪೊಟೆನ್ಷಿಯೋಮೀಟರ್‌ನ (ನಾಬ್ ಕೆಳಗೆ ವಾಲ್ಯೂಮ್, ಟೋನ್ ಏರಿಳಿಸುವ ಭಾಗ) ತಿರುಪಿನ ಎಳೆ 9 ಮಿ.ಮೀ. ದಾಟಿ ನಟ್ ಹಿಡಿಯಲು ಸಾಲದು, ಉದ್ದ ಎಳೆಯದನ್ನೇ ಕೇಳಿ ತರಿಸಿ. ಟಾಗಲ್ ಸ್ವಿಚ್‌ನ ಎಳೆಯೂ ಗಿಡ್ಡ, ಅದರ ಸುತ್ತ ಮಾತ್ರ ಒಳಗಿನಿಂದ ಇನ್ನಷ್ಟು ತೆಳುಮಾಡಿದರೆ ಆಯಿತು.

ಕತ್ತು ಮತ್ತು ಫ್ರೆಟ್

ತಂತಿಯ ಉದ್ದ 647.7 ಮಿ.ಮೀ. ಇಟ್ಟುಕೊಂಡರೆ ಮೊದಲ ಫ್ರೆಟ್‌ನ ಅಂತರ ಅದನ್ನು 17.817ರಿಂದ ಭಾಗಿಸಿದಷ್ಟು: 36.35. ಉಳಿದ 611.35 ಅನ್ನು ಮತ್ತೆ ಭಾಗಿಸಿದರೆ 34.31, ಅಂದರೆ ಎರಡನೇ ಫ್ರೆಟ್ ನಟ್‌ನಿಂದ (ಕತ್ತಿನ ಮೇಲ್ತುದಿಯಲ್ಲಿ ತಂತಿಗಳು ಕೂರುವ ಪಟ್ಟಿ) 70.66ಕ್ಕೆ. ಹೀಗೆ 22ರವರೆಗೆ. ಹನ್ನೆರಡನೆಯದು ಸರಿ ಅರ್ಧಕ್ಕೆ, 323.85ಕ್ಕೆ, ಬರಬೇಕು, ಲೆಕ್ಕ ಸರಿಯಿದೆಯೇ ಎಂಬ ಪರೀಕ್ಷೆ ಅದೇ. ಗುರುತು ಹಾಕುವಾಗ ಫ್ರೆಟ್‌ನಿಂದ ಫ್ರೆಟ್‌ಗೆ ಅಳೆಯಬೇಡಿ, ಪ್ರತಿಯೊಂದನ್ನೂ ನಟ್‌ನಿಂದಲೇ ಅಳೆಯಿರಿ. ಒಂದೊಂದರಲ್ಲಿ 0.2 ಮಿ.ಮೀ. ತಪ್ಪಿದರೂ ಹನ್ನೆರಡಕ್ಕೆ ಬರುವಷ್ಟರಲ್ಲಿ 2.4 ಮಿ.ಮೀ. ಆಗುತ್ತದೆ. ಅದು ಅರ್ಧಸ್ವರದ ಎಂಟನೇ ಒಂದು ಪಾಲು, ಯಾವ ಕಿವಿಗೂ ಕೇಳುತ್ತದೆ.

10–46 ಗಾತ್ರದ ಆರು ತಂತಿ ಶ್ರುತಿಗೆ ಬಂದಾಗ ಕತ್ತನ್ನು ಎಳೆಯುವ ಬಲ ಸುಮಾರು 46 ಕಿಲೋ. ಅದಕ್ಕೆ ಎದುರಾಗಿ ಕತ್ತಿನೊಳಗೆ ಎರಡೂ ಕಡೆ ತಿರುಗುವ ಟ್ರಸ್ ರಾಡ್ (ಕತ್ತಿನ ಬಾಗು ಸರಿಪಡಿಸುವ ಲೋಹದ ಸರಳು) ಇರಬೇಕು. ಎರಡೂ ಕಡೆ ಎಂಬುದು ಮುಖ್ಯ, ಇಲ್ಲಿನ ಹವೆಯಲ್ಲಿ ಕತ್ತು ಒಮ್ಮೆ ಮುಂದಕ್ಕೆ, ಒಮ್ಮೆ ಹಿಂದಕ್ಕೆ ಬಾಗುವುದುಂಟು. ರಾಡ್ ಕೂರುವ ಕಾಲುವೆಯ ಅಗಲ ಆಳವನ್ನು ನಿಮ್ಮ ಕೈಯಲ್ಲಿರುವ ರಾಡ್ ಅಳೆದೇ ತೋಡಿ, ಸಡಿಲವಾದರೆ ಕೆಲವು ಸ್ವರಗಳಿಗೆ ಗಿಜಿಗುಡುತ್ತದೆ.

ಬೇಸಿಗೆಯಲ್ಲಿ ಕತ್ತಿನ ಅಂಚು ಸವರಿದರೆ ಫ್ರೆಟ್ ತುದಿಗಳು ಬೆರಳಿಗೆ ಚುಚ್ಚುತ್ತವೆ ಎಂಬ ದೂರು ಮಲೆನಾಡಿನಲ್ಲಿ ಸಾಮಾನ್ಯ. ಫ್ರೆಟ್ ತಂತಿ ಬೆಳೆದದ್ದಲ್ಲ, ಬೀಟೆ ಕುಗ್ಗಿದ್ದು. 55 ಮಿ.ಮೀ. ಅಗಲದ ಪಟ್ಟಿ ಉಂಗುರದ ಗುಂಟ ಕೊಯ್ದದ್ದಾದರೆ 6 ಶೇಕಡಾ ತೇವ ಬದಲಾವಣೆಗೆ 0.64 ಮಿ.ಮೀ. ಕುಗ್ಗುತ್ತದೆ, ಉಂಗುರಕ್ಕೆ ಅಡ್ಡವಾಗಿ ಕೊಯ್ದದ್ದಾದರೆ 0.3 ಮಾತ್ರ. ಪಟ್ಟಿಯ ತುದಿ ನೋಡಿ, ಉಂಗುರದ ಗೆರೆಗಳು ನಿಂತಿರುವುದನ್ನು ಆರಿಸಿ. ಫ್ರೆಟ್ ತುದಿ ಅರವುವ ಕೆಲಸವನ್ನು ಮಾರ್ಚ್‌ನಲ್ಲಿ ಮಾಡಿ, ಆಗ ಮರ ಎಷ್ಟು ಕುಗ್ಗಬೇಕೋ ಅಷ್ಟು ಕುಗ್ಗಿರುತ್ತದೆ. 22 ಫ್ರೆಟ್‌ಗೆ ಒಂದೂವರೆ ಮೀಟರ್ ಫ್ರೆಟ್ ತಂತಿ ಸಾಕು.

ಪಾಲಿಶ್

ಕೋಆಗೆ ಬಣ್ಣ ಬೇಡ. ಬಂಗಾರದಿಂದ ಕಂದಿನವರೆಗೆ ಅದರದೇ ಬಣ್ಣ ಇದೆ. 120, 150, 180, 240, 320 ಹೀಗೆ ಉಪ್ಪುಕಾಗದ ಏರಿಸುತ್ತ, ಒಂದನ್ನೂ ಬಿಡದೆ ಉಜ್ಜಿ. ಪ್ರತಿ ಹಂತದಲ್ಲೂ ಟರ್ಪೆಂಟೈನ್ ಒರೆಸಿ ಬದಿಯಿಂದ ಟಾರ್ಚ್ ಹಿಡಿಯಿರಿ, ಕಾಣದ ಗೀರುಗಳು ಕಾಣುತ್ತವೆ. ಆಮೇಲೆ ಬೇಯಿಸಿದ ಅಗಸೆ ಎಣ್ಣೆಯನ್ನು ಬಟ್ಟೆಯಲ್ಲಿ ತೆಳುವಾಗಿ ಒರೆಸಿ. ನಾರಿನ ಬಾಯಿ ಎಣ್ಣೆ ಕುಡಿದು ಕಪ್ಪಾಗುತ್ತದೆ, ಮೈ ಹಾಗೇ ಹೊಳೆಯುತ್ತದೆ, ಅಲೆ ಆಳಕ್ಕಿಳಿದಂತೆ ಕಾಣುತ್ತದೆ. ಹೆಚ್ಚು ಹಚ್ಚಿದರೆ ಮಲೆನಾಡಿನ ತಂಪಿನಲ್ಲಿ ವಾರಗಟ್ಟಲೆ ಆರುವುದಿಲ್ಲ. ಎಣ್ಣೆ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ, ತಾನಾಗಿ ಬಿಸಿಯೇರಿ ಹೊತ್ತಿಕೊಳ್ಳುತ್ತದೆ. ಬಿಡಿಸಿ ಹೊರಗೆ ಹರವಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಎಣ್ಣೆಯ ಮೇಲೆ ಮೇಣ ತೆಗೆದ ಅರಗಿನ ಪಾಲಿಶ್ ಎರಡು ಕೈ. ಕೋಆದ ರಂಧ್ರಗಳು ತೆರೆದಿರುತ್ತವೆ, ಗಾಜಿನಂಥ ಮೈ ಬೇಕಾದರೆ ಇಲ್ಲಿ ಬಣ್ಣವಿಲ್ಲದ ಫಿಲ್ಲರ್ ಹಾಕಿ. ಆಮೇಲೆ ಎನ್‌ಸಿ (ನೈಟ್ರೋಸೆಲ್ಯುಲೋಸ್) ಲ್ಯಾಕರ್ 8–10 ತೆಳು ಕೈ. ಲ್ಯಾಕರ್ ಹೊಡೆದ ಅರ್ಧ ಗಂಟೆಯಲ್ಲಿ ಹಾಲು ಚೆಲ್ಲಿದಂತೆ ಬಿಳಿಚಿಕೊಂಡರೆ ಡಬ್ಬಿಯದು ತಪ್ಪಲ್ಲ. ಥಿನ್ನರ್ ಬೇಗ ಆರುವಾಗ ಮೇಲ್ಮೈ ತಣ್ಣಗಾಗಿ, ಗಾಳಿಯ ತೇವ ಅದರ ಮೇಲೆ ಇಬ್ಬನಿಯಾಗಿ ಕೂರುತ್ತದೆ. ಆರ್ದ್ರತೆ 65% ಮೀರಿದ ದಿನ ಹೊಡೆಯಬೇಡಿ. ಒಣ ತಿಂಗಳಲ್ಲೂ ಬೆಳಗಿನ ಮಂಜು ಪೂರ್ತಿ ಹರಿದ ಮೇಲೆ, ಹನ್ನೊಂದರಿಂದ ಮೂರರವರೆಗೆ ಸರಿಯಾದ ಹೊತ್ತು. ಬಿಳಿಚಿದ್ದು ಅಲ್ಪಸ್ವಲ್ಪವಾದರೆ ಒಣ ಹವೆಯ ದಿನ ರಿಟಾರ್ಡರ್ (ಆರುವುದನ್ನು ನಿಧಾನ ಮಾಡುವ ದ್ರವ) ಬೆರೆಸಿದ ಥಿನ್ನರ್ ಒಂದು ಕೈ ಹೊಡೆದರೆ ಕರಗಿ ಹೋಗುತ್ತದೆ. ಒದ್ದೆ ಉಪ್ಪುಕಾಗದದಿಂದ ಹೊಳಪು ತೆಗೆಯುವ ಮೊದಲು ನಾಲ್ಕು ವಾರ ಕಾಯಿರಿ.

ಹಲವರು ಮರೆಯುವುದೊಂದಿದೆ. ಪಿಕಪ್ ಗುಂಡಿ, ಕತ್ತಿನ ಗುಂಡಿ, ಹಿಂಬದಿಯ ಮುಚ್ಚಳದ ಒಳಮುಖ, ಸ್ಕ್ರೂ ತೂತು, ಎಲ್ಲಕ್ಕೂ ಎರಡು ಕೈ ಅರಗು ಬಳಿಯಬೇಕು. ಹೊರಗೆ ಕನ್ನಡಿಯಂಥ ಲ್ಯಾಕರ್ ಇದ್ದು ಒಳಗೆ ಬರೀ ಮರ ಇದ್ದರೆ ಮಳೆಗಾಲದ ತೇವ ಒಳಗಿನಿಂದ ಏರುತ್ತದೆ, ಮೈ ಒಂದೇ ಬದಿಗೆ ಉಬ್ಬುತ್ತದೆ.

ವೈರಿಂಗ್ ಮತ್ತು ಕೊನೆಯ ಹೊಂದಾಣಿಕೆ

ಎರಡು ಹಂಬಕರ್ (ಜೋಡಿ ಸುರುಳಿಯ) ಪಿಕಪ್‌ಗೆ 500 ಕಿಲೋ ಓಮ್‌ನ ಎರಡು ಪೊಟೆನ್ಷಿಯೋಮೀಟರ್, 0.022 ಮೈಕ್ರೋಫ್ಯಾರಡ್ ಕೆಪಾಸಿಟರ್ ಒಂದು, ಮೂರು ಹಂತದ ಸ್ವಿಚ್ ಒಂದು, ಜ್ಯಾಕ್ ಒಂದು. ಗುಂಡಿಗಳ ಒಳಗೆ ತಾಮ್ರದ ಟೇಪು ಅಂಟಿಸಿ, ತುಂಡು ತುಂಡು ಸೇರುವ ಕಡೆ ಬೆಸುಗೆ ಹಾಕಿ. ಪೊಟೆನ್ಷಿಯೋಮೀಟರ್‌ನ ಬೆನ್ನಿಗೆ ಬೆಸುಗೆ ಕೂರಲು 25 ವ್ಯಾಟ್ ಐರನ್ ಸಾಲದು, 60 ವ್ಯಾಟ್ ಬೇಕು. ಹಿಂಬದಿ ಗುಂಡಿಯಿಂದ ಬ್ರಿಡ್ಜ್ ಕೆಳಗೆ ಒಂದು ವೈರು ಹೋಗಬೇಕು, ತಂತಿಗಳು ಅರ್ತ್ ಆಗುವುದು ಅದರಿಂದಲೇ. ತಂತಿ ಮುಟ್ಟಿದರೂ ಗುಂಯ್ ಎನ್ನುವುದು ಕಡಿಮೆಯಾಗದಿದ್ದರೆ ಮೊದಲು ನೋಡಬೇಕಾದದ್ದು ಆ ವೈರು.

ಇದರಲ್ಲೇ ಒಂದು ಅಪಾಯವೂ ಇದೆ. ತಂತಿ ಆಂಪ್ಲಿಫೈಯರ್‌ನ ಅರ್ತ್‌ಗೆ ಸೇರಿರುವುದರಿಂದ ಮನೆಯ ಅರ್ತಿಂಗ್ ಕೆಟ್ಟಿದ್ದರೆ ಕರೆಂಟು ನೇರ ಬೆರಳಿಗೆ ಬರಬಹುದು. ಬೇಸಿಗೆಯಲ್ಲಿ ಅರ್ತ್ ಗುಂಡಿ ಒಣಗಿಹೋಗುವ ಹಳೆಯ ಮನೆಗಳಲ್ಲಿ ಇದನ್ನು ಲಘುವಾಗಿ ಕಾಣಬಾರದು. ಅರ್ತ್ ಗುಂಡಿಗೆ ನೀರು ಹಾಕಿ, ಎಲೆಕ್ಟ್ರಿಷಿಯನ್‌ನಿಂದ ಅಳೆಸಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟು ಸೋರಿದರೆ ತಾನಾಗಿ ಕಡಿಯುವ ಸ್ವಿಚ್) ಹಾಕಿಸಿದ ಮೇಲೆಯೇ ಆಂಪ್ಲಿಫೈಯರ್ ಹಚ್ಚಿ.

ಬ್ರಿಡ್ಜ್ ಕೂರಿಸುವಾಗ ತೆಳು ತಂತಿಯ ಸ್ಯಾಡಲ್ (ಬ್ರಿಡ್ಜ್ ಮೇಲೆ ತಂತಿ ಕೂರುವ ತುಂಡು) ನಟ್‌ನಿಂದ 647.7 ಮಿ.ಮೀ.ಗೆ, ದಪ್ಪ ತಂತಿಯದು ಅದಕ್ಕಿಂತ 3–4 ಮಿ.ಮೀ. ಹಿಂದಕ್ಕೆ ಬರಬೇಕು. ಎರಡೂ ಕಡೆ ಇನ್ನಷ್ಟು ಸರಿಯಲು ಜಾಗ ಉಳಿದಿದೆಯೇ ನೋಡಿ ತೂತು ಕೊರೆಯಿರಿ. ತಂತಿ ಶ್ರುತಿಗೆ ತಂದು ಒಂದು ರಾತ್ರಿ ಬಿಟ್ಟ ಮೇಲೆ, ಮೊದಲ ಮತ್ತು ಕೊನೆಯ ಫ್ರೆಟ್ ಒಟ್ಟಿಗೆ ಒತ್ತಿ ಹಿಡಿದು ಏಳನೆಯದರ ಮೇಲೆ ಸಂದು ನೋಡಿ: 0.2 ಮಿ.ಮೀ. ಇರಬೇಕು. ಹನ್ನೆರಡನೇ ಫ್ರೆಟ್ ಮೇಲೆ ದಪ್ಪ ತಂತಿ 2 ಮಿ.ಮೀ., ತೆಳು ತಂತಿ 1.5 ಮಿ.ಮೀ. ಎತ್ತರದಲ್ಲಿರಲಿ.

ಈ ಅಳತೆಗಳು ವರ್ಷಪೂರ್ತಿ ನಿಲ್ಲುವುದಿಲ್ಲ. ಮಳೆ ಹಿಡಿದು ತಿಂಗಳಾದ ಮೇಲೆ, ಜುಲೈ ನಡುವಿನಲ್ಲಿ ಒಮ್ಮೆ, ಮತ್ತೆ ಫೆಬ್ರವರಿಯಲ್ಲಿ ಒಮ್ಮೆ ಏಳನೇ ಫ್ರೆಟ್‌ನ ಸಂದು ಅಳೆದು ಟ್ರಸ್ ರಾಡ್ ತಿರುಗಿಸಿ. ಒಂದು ಸಲಕ್ಕೆ ಕಾಲು ಸುತ್ತು, ಒಂದು ದಿನ ಬಿಟ್ಟು ಮತ್ತೆ ಅಳತೆ. ಮಳೆಗಾಲದಲ್ಲಿ ಗಿಟಾರ್ ಗೋಡೆಗೆ ತೂಗುಹಾಕದೆ ಪೆಟ್ಟಿಗೆಯಲ್ಲಿಡಿ, ಜೊತೆಗೆ 200 ಗ್ರಾಂ ಸಿಲಿಕಾ ಜೆಲ್. ನೀಲಿ ಹರಳು ನಸುಗೆಂಪಾದ ಕೂಡಲೇ ಬಾಣಲೆಯಲ್ಲಿ ಸಣ್ಣ ಉರಿಯಲ್ಲಿ ನೀಲಿಗೆ ತಿರುಗುವವರೆಗೆ ಬಿಸಿ ಮಾಡಿ, ಆರಿದ ಮೇಲೆ ಮತ್ತೆ ಇಡಿ. ಆ ಬಾಣಲೆಯನ್ನು ಅಡುಗೆಗೆ ಬಳಸಬೇಡಿ.